ಲೈಮ್ ರೀಜಿಸಿನ ಮೇರಿ ಆನಿಂಗ್

ಇಂಗ್ಲೆಂಡಿನ ದಕ್ಷಿಣ ತೀರದಲ್ಲಿ, ಡಾರ್ಸೆಟ್ ಪ್ರಾಂತದೊಳಗೆ, ಲೈಮ್ ರೀಜಿಸ್ ಎಂಬ ಸಣ್ಣ ಪಟ್ಟಣವೊಂದುಂಟು. ಅದರ ಇಕ್ಕೆಲಗಳಲ್ಲಿಯೂ ಕಡಲಿಗೆ ಮುಖಮಾಡಿ ನಿಂತಿರುವ ಕಡಿದಾದ ದಿಬ್ಬಗಳು ಸುಣ್ಣಕಲ್ಲು ಮತ್ತು ಕರಿಯ ಜೇಡಿಯ ಪದರಗಳಿಂದಾದವುಗಳು. ಚಳಿಗಾಲದ ಬಿರುಗಾಳಿಯಲ್ಲಿ ತೆರೆಗಳು ಅಪ್ಪಳಿಸಿದಾಗಲೆಲ್ಲ ಅವು ಕುಸಿಯುತ್ತವೆ. ಕುಸಿದ ಮಣ್ಣಿನೊಳಗಿಂದ ಸುಮಾರು 20 ಕೋಟಿ ವರ್ಷಗಳ ಹಿಂದಿನ ಸಮುದ್ರದಲ್ಲಿ ಜೀವಿಸಿದ್ದ ಪ್ರಾಣಿಗಳ ಕಲ್ಲಾದ ದೇಹಗಳು ಹೊರಬೀಳುತ್ತವೆ. ಈ ಪಟ್ಟಣದಲ್ಲಿ 1799ನೆಯ ಇಸವಿ ಮೇ ತಿಂಗಳ 21ನೆಯ ತಾರೀಖು, ಮರಗೆಲಸದವನೊಬ್ಬನ ಬಡಮನೆಯಲ್ಲಿ ಹುಟ್ಟಿದ ಮೇರಿ ಆನಿಂಗಳ ಚರಿತ್ರೆಯನ್ನು ನಮ್ಮ ವಿದ್ಯಾರ್ಥಿನಿಯರ ಮುಂದೆ ಇಡಲಪೇಕ್ಷಿಸುತ್ತೇವೆ. ರಾಣಿಯರ, ದಾದಿಯರ, ಸುವಾರ್ತಾ ಸೇವಕಿಯರ ಜೀವಿತಗಳು ಇಂಥ ಸಂಚಿಕೆಗಳಲ್ಲಿ ಅನೇಕ ಸಾರಿ ಬರುವುವು. ಸುತ್ತಿಗೆ ಹಿಡಿದು ಕಲ್ಲೊಡೆದು ಹೊಟ್ಟೆ ಹೊರೆದವಳ ಜೀವಿತವು ಬರುವುದು ಅಪರೂಪ.

ತಂದೆ ರಿಚರ್ಡ್ ಆನಿಂಗನು ಬಿಡುವಿನ ವೇಳೆಯಲ್ಲಿ ತೀರಕ್ಕೆ ಹೋಗಿ ಶಂಖದಂತೆ ಸುತ್ತಿಕೊಂಡ ಕಲ್ಲುಗಳನ್ನು ಆಯ್ದು ತಂದು, ಸಮುದ್ರಸ್ನಾನಕ್ಕೆಂದು ಬರುತ್ತಿದ್ದ ಧನಿಕರಿಗೆ ಮಾರುತ್ತಿದ್ದನು. ಅವನ ಮಕ್ಕಳಲ್ಲಿ ಪ್ರಾಯಕ್ಕೆ ಬಂದವರು ಜೋಸೆಫ್ ಮತ್ತು ಮೇರಿ ಇಬ್ಬರೇ. ಬೆಂಕಿಗೆ ಸಿಕ್ಕಿ ತೀರಿಹೋಗಿದ್ದ ಅಕ್ಕನ ಹೆಸರನ್ನೇ ಇವಳಿಗೆ ಇಟ್ಟರು. ಇವಳಾದರೂ ಉಳಿದದ್ದು ಆಶ್ಚರ್ಯವೇ. 1800ನೆಯ ಇಸವಿ ಆಗಸ್ಟ್ 19ರಂದು, ಕೂಸನ್ನೆತ್ತಿಕೊಂಡಿದ್ದ ನೆರೆಮನೆಯ ಹೆಂಗಸೂ ಮತ್ತಿಬ್ಬರೂ ಮರದಡಿಯಲ್ಲಿ ನಿಂತಿರುವಾಗ ಸಿಡಿಲು ಬಡಿದು ಮೂವರೂ ಸತ್ತರು; ಕೂಸನ್ನು ಬಿಸಿನೀರಿನಲ್ಲಿಟ್ಟು ಉಪಚರಿಸಲು ಅದು ಚೇತರಿಸಿಕೊಂಡಿತು. ಅವಳ ಬುದ್ಧಿಯ ಚುರುಕಿಗೆ ಆ ಸಿಡಿಲೇ ಕಾರಣವೆಂದು ಊರವರು ಹೇಳುತ್ತಿದ್ದರಂತೆ. ನಾವು ಅದನ್ನು ಒಪ್ಪಲಾರೆವು. ಆನಿಂಗರ ಕುಟುಂಬವು ರಾಜ್ಯಸಭೆಗೆ ಸೇರದ ಕಾಂಗ್ರಿಗೇಷನಲ್ ಸಭೆಯದು. ಆ ಸಭೆಯವರ ಆದಿತ್ಯವಾರದ ಶಾಲೆಯಲ್ಲಿ ಮೇರಿಯು ಓದುಬರಹ ಕಲಿತಳು. ಬಡವರ ಹೆಣ್ಣುಮಕ್ಕಳಿಗೆ ಅಕ್ಷರ ಕಲಿಸುವವರು ವಿರಳವಾಗಿದ್ದ ಆ ಕಾಲದಲ್ಲಿ ಅವಳಿಗೆ ದೊರೆತ ಪಾಠಶಾಲೆಯು ಅದೇ.

1810ರಲ್ಲಿ ತಂದೆಯು 120 ಪೌಂಡುಗಳ ಸಾಲವನ್ನು ಬಿಟ್ಟು ಮರಣಹೊಂದಿದನು. ತಾಯಿ ಮಕ್ಕಳು ಪ್ಯಾರಿಷಿನ ಧರ್ಮಸಹಾಯದ ಮೇಲೆ ಬದುಕಬೇಕಾಯಿತು. ಹೀಗಿರಲಾಗಿ 1811ರಲ್ಲಿ ಜೋಸೆಫನಿಗೆ ದಿಬ್ಬದಲ್ಲಿ ನಾಲ್ಕು ಅಡಿ ಉದ್ದದ ಒಂದು ತಲೆಬುರುಡೆಯು ಸಿಕ್ಕಿತು. ಮರುವರ್ಷ, ಹದಿಮೂರರ ಸಮೀಪದಲ್ಲಿದ್ದ ಮೇರಿಯು ಅದರ ದೇಹಭಾಗವನ್ನು ಪತ್ತೆಹಚ್ಚಿ, ಕೂಲಿಯವರಿಂದ ಅಗೆಸಿ ತೆಗೆಸಿದಳು. ಊರವರೆಲ್ಲರೂ ಅದನ್ನು ಮೊಸಳೆಯೆಂದೇ ಕರೆದರು.

ಈ ಮೊಸಳೆಯ ಸಂಗತಿಯನ್ನು ಇಲ್ಲಿ ತುಸು ವಿಸ್ತರಿಸುವೆವು. ಊರವರ ಮಾತು ಅಜ್ಞಾನದ್ದೆಂದು ನಗುವಂತಿಲ್ಲ. ನೀಳವಾದ ದವಡೆ, ಸಾಲಾಗಿ ಕೂಡಿದ ಚೂಪು ಹಲ್ಲು, ಇವನ್ನು ಕಂಡವರು ಮತ್ತೇನೆಂದಾರು? ಅದೂ ಅಲ್ಲದೆ ಯಾರ್ಕ್‌ಷೈರಿನ ವಿಟ್ಬಿ ಎಂಬ ಊರಿನ ಬಳಿ ದೊರೆತಿದ್ದ ನೀಳಮೂತಿಯ ಅಸ್ಥಿಪಂಜರವೊಂದರ ವರ್ಣನೆಯು 1758ರಲ್ಲಿಯೇ ಲಂಡನ್ನಿನ ರಾಯಲ್ ಸೊಸೈಟಿಗೆ ತಲಪಿತ್ತು. ಅದು ನಿಜವಾಗಿಯೂ ಮೊಸಳೆಯ ಬಂಧುವೇ. ಆ ಕುಲಕ್ಕೆ 1901ರಲ್ಲಿ ಜರ್ಮನಿಯ ಫ್ರಾಸ್ ಎಂಬ ವಿದ್ವಾಂಸನು ಕಡಲಮೊಸಳೆಗಳೆಂಬರ್ಥದ ಥಲಾಟೋಸೂಕಿಯ ಎಂಬ ಹೆಸರನ್ನಿತ್ತನು. ಅವುಗಳಲ್ಲಿ ಟೆಲಿಯೋಸಾರ್ ಎಂಬ ಪಂಗಡದವು ಬೆನ್ನ ಮೇಲಣ ಎಲುಬಿನ ಕವಚವನ್ನು ಬಿಡದೆ ಹೆಚ್ಚಾಗಿ ತೀರದ ಸಮೀಪದಲ್ಲಿ ಮೀನು ಹಿಡಿಯುತ್ತಿದ್ದವು. ಮೆಟ್ರಿಯೋರಿಂಕಸ್ ಮೊದಲಾದವುಗಳಾದರೋ ಕವಚವನ್ನು ಕಳೆದುಕೊಂಡು, ಕಾಲುಗಳು ಹುಟ್ಟುಗಳಂತಾಗಿ, ಬಾಲದ ತುದಿಯು ಕೆಳಗೆ ಬಾಗಿ ಮೀನಿನ ರೆಕ್ಕೆಯಂತಾಗಿ, ತುಂಬುಗಡಲಿಗೆ ಒಗ್ಗಿಹೋದವು. ದೇಹಕ್ಕೆ ಹೆಚ್ಚಾದ ಉಪ್ಪನ್ನು ಹೊರಹಾಕುವ ಗ್ರಂಥಿಗಳು ತಲೆಯಲ್ಲಿದ್ದ ಗುರುತುಗಳೂ ದೊರೆತಿವೆ. ಬಂಗಾಳ ಕೊಲ್ಲಿಯ ಅಳಿವೆಗಳಲ್ಲಿ ಇಂದೂ ಇರುವ ಉಪ್ಪುನೀರಿನ ಮೊಸಳೆಯು ಇವುಗಳ ಸಂತತಿಯಲ್ಲ. ಆ ಶಾಖೆಯು ಸಂತಾನವಿಲ್ಲದೆ ಹತ್ತಾರು ಕೋಟಿ ವರ್ಷಗಳ ಹಿಂದೆಯೇ ಅಳಿದುಹೋಯಿತು.

ಆನಿಂಗರ ಪ್ರಾಣಿಯು ಈ ಕುಲಕ್ಕೂ ಸೇರಿದ್ದಲ್ಲ. ಅದರ ಕಣ್ಣಿನ ಗುಳಿಯು ಬಹು ದೊಡ್ಡದು, ಅದರೊಳಗೆ ಎಲುಬಿನ ತಗಡುಗಳ ಬಳೆ. ಬೆನ್ನುಮೂಳೆಯ ಮಣಿಗಳು ಮೀನಿನವುಗಳಂತೆ ಎರಡು ಕಡೆಯೂ ಗುಳಿಬಿದ್ದವು. ಮೀನೂ ಹಲ್ಲಿಯೂ ಬೆರೆತಂತಿದ್ದ ಅದಕ್ಕೆ ಬ್ರಿಟಿಷ್ ಮ್ಯೂಸಿಯಮ್ಮಿನ ಚಾರ್ಲ್ಸ್ ಕ್ಯೋನಿಗನು 1817ರಲ್ಲಿ ಇಕ್ಥಿಯೋಸಾರಸ್ ಎಂಬ ಹೆಸರನ್ನು ಸೂಚಿಸಿದನು. ಆ ಪಂಜರವನ್ನು ಆನಿಂಗರಿಂದ ಸುಮಾರು 23 ಪೌಂಡುಗಳಿಗೆ ಊರಿನ ಜಮೀನುದಾರನು ಕೊಂಡಿದ್ದನು. 1819ರಲ್ಲಿ ಅದು ಲಂಡನ್ನಿನ ಹರಾಜಿನಲ್ಲಿ 45 ಪೌಂಡುಗಳಿಗೆ ಮೇಲ್ಪಟ್ಟು ಮಾರಾಟವಾಯಿತು. ಸರ್ ಎವರಾರ್ಡ್ ಹೋಮನು 1814ರಿಂದ ಅದರ ವಿಷಯವಾಗಿ ಹಲವು ಲೇಖನಗಳನ್ನು ಬರೆದನು. ಅಗೆಸಿ ತೆಗೆಸಿದ ಹುಡುಗಿಯ ಹೆಸರು ಅವುಗಳಲ್ಲಿಲ್ಲ.

ಮುಂದೆ ಮೇರಿಯ ಬಾಳು ತೀರದಲ್ಲಿಯೇ ಕಳೆಯಿತು. ಹಣವು ಬಂದರೆ ಬಂತು, ಇಲ್ಲವಾದರೆ ಇಲ್ಲ. 1820ರಲ್ಲಿ ಅವರ ದುಸ್ಥಿತಿಯನ್ನು ಕಂಡು ಕನಿಕರಗೊಂಡ ಥಾಮಸ್ ಬರ್ಚ್ ಎಂಬ ಸೇನಾಧಿಕಾರಿಯು ತಾನು ಸಂಗ್ರಹಿಸಿದ್ದ ಕಲ್ಲುಗಳನ್ನೆಲ್ಲ ಹರಾಜಿಗಿಟ್ಟು, ಬಂದ ಸುಮಾರು 400 ಪೌಂಡುಗಳನ್ನು ಆ ಕುಟುಂಬಕ್ಕೆ ಕೊಟ್ಟನು. ಮೇರಿಯು ಮೀನುಗಳನ್ನೂ ಕಪ್ಪೆಬೊಂಡಾಸುಗಳನ್ನೂ ಕೊಯ್ದು ಅವಯವಗಳ ರಚನೆಯನ್ನು ತಾನೇ ಕಲಿತಳು. ವಿದ್ವಾಂಸರ ಲೇಖನಗಳನ್ನು ಎರವಲು ತಂದು, ಚಿತ್ರಗಳ ಸಹಿತವಾಗಿ ಕೈಯಲ್ಲಿ ನಕಲುಮಾಡಿಕೊಂಡಳು.

1823ರ ಡಿಸೆಂಬರಿನಲ್ಲಿ ಆಕೆಗೆ ಪ್ಲೀಸಿಯೋಸಾರಸಿನ ಪೂರ್ಣ ಪಂಜರವು ದೊರೆಯಿತು. ಸುಮಾರು ಒಂಬತ್ತು ಅಡಿ ಉದ್ದದ ಆ ಪ್ರಾಣಿಯ ತಲೆಯು ಚಿಕ್ಕದು, ಕತ್ತು ಮಾತ್ರ ಹಾವಿನಂತೆ ನೀಳ. ಅದರ ಚಿತ್ರವನ್ನು ಕಂಡ ಪ್ಯಾರಿಸಿನ ಕುವಿಯೆಯು, ಎರಡು ಪ್ರಾಣಿಗಳ ಎಲುಬುಗಳನ್ನು ಜೋಡಿಸಿರಬಹುದೆಂದು ಸಂಶಯಪಟ್ಟನು. ಯೂರೋಪಿನಲ್ಲಿ ಅವನ ಮಾತಿಗೆ ಎದುರುಮಾತಿರದ ಕಾಲವದು. ಈ ಸಂಶಯವು ನಿಂತಿದ್ದರೆ ಲೈಮಿನ ಆ ತರುಣಿಯ ಕಲ್ಲುಗಳನ್ನು ಕೊಳ್ಳುವವರೇ ಇಲ್ಲವಾಗಿ, ತಾಯಿಮಗಳು ಮತ್ತೆ ಪ್ಯಾರಿಷಿನ ಬಾಗಿಲಿಗೆ ಹೋಗಬೇಕಾಗುತ್ತಿತ್ತು. 1824ರಲ್ಲಿ ಲಂಡನ್ನಿನ ಭೂಗರ್ಭಶಾಸ್ತ್ರ ಸಂಘದಲ್ಲಿ ಕಾನಿಬಿಯರ್ ಪಾದ್ರಿಗಳು ಆ ಪಂಜರವನ್ನು ವಿವರಿಸಿದರು. ಅದು ಕೂಟಿಸಿದ್ದಲ್ಲ, ಸಾಚಾ ಎಂದು ಸ್ಥಿರವಾಯಿತು. ಕುವಿಯೆಯೂ ತನ್ನ ತಪ್ಪನ್ನೊಪ್ಪಿದನು. ಇದು ಅವನಿಗೆ ಭೂಷಣವೇ. ಆದರೆ ಯಾರ ಮಾನವು ಅಲ್ಲಿ ತೂಗಲ್ಪಟ್ಟಿತೋ ಆಕೆಗೆ ಹೆಂಗಸೆಂಬ ಕಾರಣದಿಂದ ಆ ಸಂಘದೊಳಗೆ ಪ್ರವೇಶವಿರಲಿಲ್ಲ. ಕಾನಿಬಿಯರರ ಪ್ರಸಂಗದಲ್ಲಿ ಆಕೆಯ ಹೆಸರೂ ಬರಲಿಲ್ಲ. ಪಾದ್ರಿಗಳಾದವರು ಇಷ್ಟು ಮಾಡಬಹುದಿತ್ತೆಂದು ನಮಗೆ ತೋರುತ್ತದೆ.

1826ರಲ್ಲಿ ಗಾಜಿನ ಕಿಟಕಿಯುಳ್ಳ ಮನೆಯೊಂದನ್ನು ಕೊಂಡು ಅದರಲ್ಲಿಯೇ ಅಂಗಡಿಯನ್ನಿಟ್ಟಳು. 1828ರಲ್ಲಿ, ಜರ್ಮನಿಯ ಹೊರಗೆ ಅದುವರೆಗೆ ಕಾಣದಿದ್ದ ಹಾರುವ ಸರೀಸೃಪವನ್ನು ಕಂಡುಹಿಡಿದಳು. ಬೆಜೋರ್ ಕಲ್ಲುಗಳೆಂದು ಜನರು ಕರೆಯುತ್ತಿದ್ದ ಉಂಡೆಗಳು ಈ ಪ್ರಾಣಿಗಳ ಹೊಟ್ಟೆಯ ಭಾಗದಲ್ಲಿಯೇ ಸಿಕ್ಕುವುದನ್ನೂ, ಒಡೆದರೆ ಮೀನಿನ ಎಲುಬು ಪೊರೆಗಳು ಕಾಣುವುದನ್ನೂ ಆಕೆಯು ಗಮನಿಸಿದ್ದಳು. ಇದರ ಆಧಾರದಿಂದ ಆಕ್ಸ್‌ಫರ್ಡಿನ ಬಕ್ಲೆಂಡ್ ಪಾದ್ರಿಗಳು ಅವು ಕಲ್ಲಾದ ಮಲವೆಂದು ತೀರ್ಮಾನಿಸಿದರು. ವಿಷಯವು ನಾಜೂಕಿನದಲ್ಲವೆಂದು ನಮ್ಮ ಬಾಲಿಕೆಯರು ಮೂಗು ಮುರಿಯಬಾರದು. ಅಳಿದ ಪ್ರಾಣಿಯು ಏನು ತಿನ್ನುತ್ತಿತ್ತೆಂದು ತಿಳಿಯುವುದಕ್ಕೆ ಇದಕ್ಕಿಂತ ನಂಬಿಕೆಯ ಸಾಕ್ಷಿ ಸಿಕ್ಕುವುದು ಕಷ್ಟ.

ಕೆಲಸವು ಅಪಾಯದ್ದು. ಕುಸಿದ ಮಣ್ಣಿನಲ್ಲಿ ಎಲುಬು ಕಂಡರೆ ತೆರೆಯು ಕೊಚ್ಚುವುದಕ್ಕೆ ಮೊದಲೇ ತೆಗೆಯಬೇಕು, ಆದುದರಿಂದ ದಿಬ್ಬವು ಅತಿ ಸಡಿಲವಾಗಿರುವ ಚಳಿಗಾಲವೇ ಆಕೆಯ ಸುಗ್ಗಿ. 1833ರಲ್ಲಿ ಹಾಗೆ ಬಿದ್ದ ಮಣ್ಣು, ಸದಾ ಜೊತೆಗಿರುತ್ತಿದ್ದ ಟ್ರೇ ಎಂಬ ನಾಯಿಯನ್ನು ಕೊಂದಿತು. ಆಕೆಯು ಕೂದಲೆಳೆಯಲ್ಲಿ ಪಾರಾದಳು. ಕೂಡಿಟ್ಟ ಹಣವೂ ಕೈಬಿಟ್ಟುಹೋದ ಬಳಿಕ, ಬಕ್ಲೆಂಡರ ಪ್ರಯತ್ನದಿಂದ 1835ರಲ್ಲಿ ವರ್ಷಕ್ಕೆ 25 ಪೌಂಡುಗಳ ವೇತನವು ದೊರೆತು ಜೀವನಕ್ಕೆ ಆಧಾರವಾಯಿತು. 1844ರಲ್ಲಿ ಸ್ಯಾಕ್ಸನಿಯ ಅರಸನೇ ಆ ಅಂಗಡಿಗೆ ಬಂದು ಹೋದನು. ಆಕೆಯು ಮದುವೆಯಾಗಲಿಲ್ಲ. ಸ್ತನದ ಕ್ಯಾನ್ಸರಿನಿಂದ ನರಳಿ, 1847ನೆಯ ಇಸವಿ ಮಾರ್ಚ್ 9ರಂದು, 47ನೆಯ ಪ್ರಾಯದಲ್ಲಿ ತೀರಿಕೊಂಡಳು.

ಭೂಗರ್ಭಶಾಸ್ತ್ರ ಸಂಘದ ಅಧ್ಯಕ್ಷನಾಗಿದ್ದ ಡಿ ಲಾ ಬೀಚನು ಆಕೆಯ ಬಾಲ್ಯದಿಂದಲೂ ಪರಿಚಿತನು. ಸದಸ್ಯಳಲ್ಲದಿದ್ದರೂ ಆಕೆಯನ್ನು ಸಂಘದ ವಾರ್ಷಿಕ ಭಾಷಣದಲ್ಲಿ ಸ್ಮರಿಸಿದನು. 1850ರಲ್ಲಿ ಸಂಘದವರು ಲೈಮಿನ ಸೇಂಟ್ ಮೈಕಲ್ ದೇವಾಲಯದಲ್ಲಿ ಆಕೆಯ ಜ್ಞಾಪಕಾರ್ಥವಾಗಿ ಬಣ್ಣದ ಗಾಜಿನ ಕಿಟಕಿಯೊಂದನ್ನಿಡಿಸಿದರು. ಹಸಿದವರಿಗೆ ಅನ್ನ, ಬಾಯಾರಿದವರಿಗೆ ನೀರು ಮೊದಲಾದ ಕರುಣೆಯ ಕಾರ್ಯಗಳು ಅದರಲ್ಲಿ ಚಿತ್ರಿತವಾಗಿವೆ. ಸ್ತ್ರೀಯರನ್ನು ಸದಸ್ಯರನ್ನಾಗಿ ಸೇರಿಸಿಕೊಳ್ಳುವುದಕ್ಕೆ ಮಾತ್ರ ಆ ಸಂಘಕ್ಕೆ 1919ನೆಯ ಇಸವಿಯು ಬರಬೇಕಾಯಿತು. ಲೈಮಿನಲ್ಲಿ ಆಕೆಗೊಂದು ಪ್ರತಿಮೆಯೂ ಇಲ್ಲವಲ್ಲಾ ಎಂದು ಆ ಪ್ರಾಂತದ ಶಾಲಾಬಾಲಿಕೆಯೊಬ್ಬಳು ತನ್ನ ತಾಯಿಯೊಡನೆ ಹಣ ಕೂಡಿಸತೊಡಗಿದಳು. 2022ರ ಮೇ 21ರಂದು, ಮೇರಿಯ ಹುಟ್ಟಿದ ದಿನವೇ, ಕಂಚಿನ ಪ್ರತಿಮೆಯು ಅನಾವರಣವಾಯಿತು: ಕೈಯಲ್ಲಿ ಸುತ್ತಿಗೆ, ಬುಟ್ಟಿ, ಪಕ್ಕದಲ್ಲಿ ನಾಯಿ ಟ್ರೇ.