ಬಾಸ್ಕೆಟ್‌ಬಾಲಿನ ಜನಕ ಡಾ. ಜೇಮ್ಸ್ ನೈಸ್ಮಿತ್

ನಮ್ಮ ಕಾಲೇಜಿನ ಆಟದ ಬಯಲಿನಲ್ಲಿ ಸಂಜೆಯ ಹೊತ್ತು ಸೇರುವ ಮಿತ್ರರ ನಡುವೆ ಬಹುಕಾಲದಿಂದ ನಡೆದುಬಂದಿರುವ ಒಂದು ವಾದವುಂಟು. ಬಾಸ್ಕೆಟ್‌ಬಾಲ್ ಆಟದಲ್ಲಿ ಚೆಂಡನ್ನು ಬುಟ್ಟಿಗೆ ಹಾಕಿ ಅಂಕ ಗಳಿಸುವವನು ದೊಡ್ಡವನೋ, ಎದುರಾಳಿಯನ್ನು ಅಡ್ಡಗಟ್ಟಿ ಅಂಕ ಬಾರದಂತೆ ತಡೆಯುವವನು ದೊಡ್ಡವನೋ ಎಂಬುದೇ ಆ ವಾದ. ಗಳಿಸುವವನ ಪಕ್ಷದಲ್ಲಿ ಜನ ಹೆಚ್ಚು. ಅಂಕದ ಪಟ್ಟಿಯಲ್ಲಿ ಅವನ ಹೆಸರು ಬರುತ್ತದೆ. ಚಪ್ಪಾಳೆ ಅವನಿಗೆ ಬೀಳುತ್ತದೆ. ನಮ್ಮ ಕಬಡ್ಡಿಯಲ್ಲಾದರೆ ಏರಿ ಬಂದವನನ್ನು ಹಿಡಿದು ಕೆಡವಿದವರಿಗೂ ಅಂಕವುಂಟು. ಬಾಸ್ಕೆಟ್‌ಬಾಲಿನಲ್ಲಿ ತಡೆದವನಿಗೆ ಒಂದೂ ಇಲ್ಲ. ತಂಡದಲ್ಲಿ ನನ್ನ ಪಾಲಿಗೆ ಬಂದಿರುವುದು ಈ ತಡೆಯುವ ಕೆಲಸವೇ ಆದುದರಿಂದ, ನಾನು ಆಡುವ ಮಾತನ್ನು ಸ್ವಪಕ್ಷಪಾತವೆಂದು ಮಿತ್ರರು ತಳ್ಳಿಹಾಕಿದರೆ ಆಶ್ಚರ್ಯವೇನೂ ಇಲ್ಲ.

ಹೀಗಿರಲು, ಈ ವ್ಯಾಜ್ಯವನ್ನು ಆಟದ ಜನಕನ ಬಳಿಗೇ ಏಕೆ ಕೊಂಡೊಯ್ಯಬಾರದು ಎಂದು ನನಗೆ ತೋರಿತು. ಕಬಡ್ಡಿಯನ್ನೋ ಲಗೋರಿಯನ್ನೋ ಹುಟ್ಟಿಸಿದವರು ಯಾರೆಂದು ಕೇಳಿದರೆ ಉತ್ತರವಿಲ್ಲ. ಅವು ಜನರ ನಡುವೆ ತಾವಾಗಿಯೇ ಬೆಳೆದುವು. ಬಾಸ್ಕೆಟ್‌ಬಾಲಿಗಾದರೋ ಒಬ್ಬ ತಂದೆಯುಂಟು, ಹುಟ್ಟಿದ ಊರುಂಟು, ತಿಂಗಳು ವರ್ಷಗಳೂ ಉಂಟು. ಆ ತಂದೆಯೇ ಡಾ. ಜೇಮ್ಸ್ ನೈಸ್ಮಿತ್.

ನೈಸ್ಮಿತ್ ಹುಟ್ಟಿದುದು 1861ನೆಯ ಇಸವಿ ನವೆಂಬರ್ 6ರಂದು, ಕೆನಡಾ ದೇಶದ ಒಂಟಾರಿಯೋ ಪ್ರಾಂತದ ಆಲ್ಮಾಂಟ್ ಎಂಬ ಊರಿನ ಸಮೀಪದಲ್ಲಿ. 1870ರಲ್ಲಿ ವಿಷಮಶೀತ ಜ್ವರಕ್ಕೆ ತಂದೆತಾಯಿಗಳಿಬ್ಬರೂ ತುತ್ತಾದರು. ಅನಾಥನಾದ ಬಾಲಕನನ್ನು ಸೋದರಮಾವ ಸಾಕಿದನು. ಹೊಲದ ಕೆಲಸ, ಕುದುರೆಗಳ ಕೆಲಸ, ಮರ ಕಡಿಯುವ ಕೆಲಸ ಎಲ್ಲವೂ ಈ ಹುಡುಗನ ಮೈಯನ್ನು ಗಟ್ಟಿ ಮಾಡಿದುವು. ನಡುವೆ ಶಾಲೆಯನ್ನು ಬಿಟ್ಟು ಕಾಡಿನಲ್ಲಿ ದುಡಿದು, ಪುನಃ ಶಾಲೆಗೆ ಸೇರಿ, ಮಾಂಟ್ರಿಯಲ್ ನಗರದ ಮೆಗಿಲ್ ವಿಶ್ವವಿದ್ಯಾಲಯದಿಂದ ಪದವಿ ಪಡೆದನು.

ಆತನ ಬಾಲ್ಯದ ಒಂದು ಆಟವನ್ನು ಇಲ್ಲಿ ಹೇಳಲೇಬೇಕು. ದೊಡ್ಡ ಬಂಡೆಯೊಂದರ ಮೇಲೆ ಚಿಕ್ಕ ಕಲ್ಲನ್ನಿಟ್ಟು, ದೂರದಿಂದ ಕಲ್ಲೆಸೆದು ಅದನ್ನು ಕೆಡವುವುದು ಆ ಆಟ. ನಮ್ಮ ಲಗೋರಿಯ ದೂರದ ಬಂಧು ಎನ್ನಬಹುದು. ಬಂಡೆಯ ಬಳಿ ಒಬ್ಬ ಕಾವಲುಗಾರನಿರುತ್ತಾನೆ. ಬಲವಾಗಿ ನೇರಕ್ಕೆ ಬೀಸಿದವನ ಕಲ್ಲು ಗುರಿ ತಪ್ಪಿದರೆ ಬಹುದೂರ ಹೋಗಿ ಬೀಳುತ್ತದೆ. ಅದನ್ನು ತರುವಷ್ಟರಲ್ಲಿ ಕಾವಲುಗಾರನು ಅವನನ್ನು ಮುಟ್ಟಿಬಿಡುತ್ತಾನೆ. ಕಮಾನಿನಂತೆ ಮೇಲಕ್ಕೆ ಮೆಲ್ಲನೆ ಎಸೆದವನ ಕಲ್ಲಾದರೋ ಹತ್ತಿರದಲ್ಲೇ ಬೀಳುತ್ತದೆ. ಎದುರಿಗೆ ಕಾವಲುಗಾರನಿದ್ದುದರಿಂದಲೇ ಎಸೆಯುವವನು ಜಾಣತನವನ್ನು ಕಲಿತನು. ಈ ಮಾತನ್ನು ವಾಚಕರು ನೆನಪಿಡಬೇಕಾಗಿ ಬೇಡುತ್ತೇನೆ.

ನೈಸ್ಮಿತ್ ಧರ್ಮೋಪದೇಶಕನಾಗಲೆಂದು ಮತಶಾಸ್ತ್ರವನ್ನು ಓದಿದವನು. ಫುಟ್ಬಾಲ್ ಮೊದಲಾದ ಒರಟು ಆಟಗಳಲ್ಲಿ ಆತನಿಗಿದ್ದ ಆಸಕ್ತಿಯನ್ನು ಸಹಪಾಠಿಗಳು ಮೆಚ್ಚಲಿಲ್ಲ. ಯುವಕರ ನಡತೆಯನ್ನು ತಿದ್ದಲು ಉಪದೇಶದ ವೇದಿಕೆಯಂತೆಯೇ ಆಟದ ಬಯಲೂ ತಕ್ಕ ಸ್ಥಳವೆಂದು ಆತನು ನಂಬಿದನು. ಆ ನಂಬಿಕೆಯಿಂದಲೇ 1890ರಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ನಗರದಲ್ಲಿದ್ದ ವೈ.ಎಂ.ಸಿ.ಎ. ತರಬೇತಿ ಶಾಲೆಯನ್ನು ಸೇರಿದನು.

1891ರ ಚಳಿಗಾಲ. ಹೊರಗೆ ಹಿಮ, ಬಯಲಾಟ ಸಾಧ್ಯವಿಲ್ಲ. ಒಳಗೆ ಕವಾಯತು ಮಾಡಿ ಮಾಡಿ ಬೇಸತ್ತ ಹದಿನೆಂಟು ಮಂದಿ ವಿದ್ಯಾರ್ಥಿಗಳು ಇಬ್ಬರು ಶಿಕ್ಷಕರನ್ನು ಸಾಕುಸಾಕೆನಿಸಿದ್ದರು. ಇಲಾಖೆಯ ಮುಖ್ಯಸ್ಥನಾದ ಡಾ. ಲೂಥರ್ ಗ್ಯೂಲಿಕ್ ಆ ತರಗತಿಯನ್ನು ನೈಸ್ಮಿತ್‌ಗೆ ಒಪ್ಪಿಸಿ, ಒಳಾಂಗಣದಲ್ಲಿ ಆಡಬಹುದಾದ ಹೊಸ ಆಟವೊಂದನ್ನು ಹುಡುಕಲು ಹದಿನಾಲ್ಕು ದಿನಗಳ ಗಡುವು ಕೊಟ್ಟನು. ತಿಳಿದಿದ್ದ ಆಟಗಳನ್ನು ಒಳಗೆ ತಂದು ನೋಡಿದ್ದಾಯಿತು. ಗಾಯಗಳಾದುವೇ ಹೊರತು ಆಟವಾಗಲಿಲ್ಲ. ಗಡುವು ಮುಗಿಯುತ್ತ ಬಂದಾಗ ಆತನು ಲೆಕ್ಕ ಬಿಡಿಸುವಂತೆ ಕುಳಿತು ಯೋಚಿಸಿದನು.

ಆಟದಲ್ಲಿ ಒರಟುತನ ಏಕೆ ಬರುತ್ತದೆ? ಚೆಂಡು ಹಿಡಿದವನು ಓಡುತ್ತಾನೆ, ಅವನನ್ನು ನಿಲ್ಲಿಸಲು ಇತರರು ಕೆಡವುತ್ತಾರೆ. ಆದುದರಿಂದ ಚೆಂಡು ಹಿಡಿದು ಓಡಕೂಡದು. ಗುರಿ ನೆಲದ ಮೇಲೆ ನೆಟ್ಟಗೆ ನಿಂತಿದ್ದರೆ ಚೆಂಡನ್ನು ಬಲವಾಗಿ ಬೀಸುತ್ತಾರೆ. ಆದುದರಿಂದ ಗುರಿಯ ಬಾಯಿ ಆಕಾಶಕ್ಕೆ ತೆರೆದಿರಬೇಕು. ಆಗ ಬಾಲ್ಯದ ಕಲ್ಲಿನಂತೆ ಚೆಂಡನ್ನು ಕಮಾನಾಗಿ ಎಸೆಯಲೇಬೇಕಾಗುತ್ತದೆ. ಕಡೆಗೆ ಉಳಿದ ತೊಡಕೊಂದು. ಗುರಿ ಕೆಳಗಿದ್ದರೆ ಕಾಯುವ ಪಕ್ಷದವರೆಲ್ಲರೂ ಅದರ ಸುತ್ತ ಕೋಟೆ ಕಟ್ಟಿ ನಿಂತುಬಿಡಬಹುದು. ಆಗ ಗೋಲು ಎಂಬುದೇ ಇರದು. ಗುರಿಯನ್ನು ಅವರ ತಲೆಗಿಂತ ಮೇಲಕ್ಕೆತ್ತಿದರೆ ಆ ಕೋಟೆ ನಿರುಪಯೋಗಿಯಾಗುತ್ತದೆ. ಹೀಗೆ ಬುಟ್ಟಿ ಮೇಲಕ್ಕೇರಿತು. ಶಾಲೆಯ ಜವಾನನು ತಂದುಕೊಟ್ಟ ಎರಡು ಪೀಚ್ ಹಣ್ಣಿನ ಬುಟ್ಟಿಗಳನ್ನು ಮೇಲಂಕಣದ ಕಟಕಟೆಗೆ ಮೊಳೆಹೊಡೆದು ನಿಲ್ಲಿಸಲಾಯಿತು. ಆ ಕಟಕಟೆಯ ಎತ್ತರ ಹತ್ತು ಅಡಿ. ಇಂದಿಗೂ ಬುಟ್ಟಿಯ ಎತ್ತರ ಅಷ್ಟೇ.

ಬುಟ್ಟಿಯನ್ನು ಮೇಲಕ್ಕೆತ್ತಿದುದರಿಂದ ನೈಸ್ಮಿತ್ ಗಳಿಸುವವನ ಪಕ್ಷಪಾತಿಯೆಂದು ಮಿತ್ರರು ಹೇಳಿಯಾರು. ಆದರೆ ಆತನು ಬರೆದ ಹದಿಮೂರು ನಿಯಮಗಳನ್ನು ನೋಡಬೇಕು. ದೂಡುವುದು, ಹಿಡಿಯುವುದು, ಕಾಲು ಕೊಡುವುದು, ಹೊಡೆಯುವುದು ನಿಷಿದ್ಧ. ಎದುರು ಪಕ್ಷ ಒಂದೂ ತಪ್ಪು ಮಾಡದಿರುವಾಗ ಒಂದು ಪಕ್ಷ ಸಾಲಾಗಿ ಮೂರು ತಪ್ಪು ಮಾಡಿದರೆ ಎದುರಾಳಿಗೆ ಒಂದು ಗೋಲು. ಎಂದರೆ, ಆತನು ತಡೆಯುವವನ ಕೈಯಿಂದ ಬಲಾತ್ಕಾರವನ್ನು ಮಾತ್ರ ಕಿತ್ತುಕೊಂಡನು. ಕಾಲಿನ ಚುರುಕನ್ನೂ ಕಣ್ಣಿನ ಎಚ್ಚರವನ್ನೂ ಅವನಿಗೇ ಬಿಟ್ಟನು. ತಡೆಯುವ ಕೆಲಸ ಮೈಬಲದ ಕೆಲಸವಾಗಿದ್ದುದು ಬುದ್ಧಿಯ ಕೆಲಸವಾಯಿತು.

1891ರ ಡಿಸೆಂಬರ್ ತಿಂಗಳಲ್ಲಿ ಒಂದೊಂದು ಪಕ್ಷಕ್ಕೆ ಒಂಬತ್ತು ಮಂದಿಯಂತೆ ನಡೆದ ಮೊದಲ ಆಟವು 1-0 ಎಂದು ಮುಗಿಯಿತೆಂದು ಪ್ರಸಿದ್ಧಿಯಿದೆ. ಒಂದೇ ಒಂದು ಗೋಲು! ಆದರೂ ಬೇಸತ್ತಿದ್ದ ಆ ಹದಿನೆಂಟು ಮಂದಿಗೆ ಆಟ ರುಚಿಸಿತು. ಗೋಲುಗಳ ಮಳೆಯಿಂದಲೇ ಆಟಕ್ಕೆ ರುಚಿ ಬರುವುದಾದರೆ ಬಾಸ್ಕೆಟ್‌ಬಾಲ್ ಮೊದಲ ದಿನವೇ ಸಾಯಬೇಕಾಗಿತ್ತು. ಅದು ಸಾಯಲಿಲ್ಲ. ಆ ತರಗತಿಯಲ್ಲೇ ಇದ್ದ ಡಂಕನ್ ಪ್ಯಾಟನ್ ಎಂಬವನು 1894ರಲ್ಲಿ ಅದನ್ನು ಭಾರತಕ್ಕೆ ತಂದನು. 1920ರಲ್ಲಿ ಹ್ಯಾರಿ ಕ್ರೋ ಬಕ್ ಎಂಬ ಮಹನೀಯನು ಮದರಾಸಿನಲ್ಲಿ ವೈ.ಎಂ.ಸಿ.ಎ. ದೈಹಿಕ ಶಿಕ್ಷಣ ಶಾಲೆಯನ್ನು ತೆರೆದನು. ನಮ್ಮ ದಕ್ಷಿಣ ಕನ್ನಡವೂ ಆಗ ಮದರಾಸು ಪ್ರಾಂತಕ್ಕೇ ಸೇರಿತ್ತು.

ನೈಸ್ಮಿತ್ ಅನಂತರ ವೈದ್ಯವಿದ್ಯೆಯನ್ನು ಓದಿ, 1898ರಲ್ಲಿ ಕ್ಯಾನ್ಸಸ್ ವಿಶ್ವವಿದ್ಯಾಲಯಕ್ಕೆ ಬಂದನು. ಅಲ್ಲಿ ಪ್ರಾರ್ಥನಾ ಮಂದಿರದ ಹೊಣೆಯನ್ನೂ ದೈಹಿಕ ಶಿಕ್ಷಣದ ಹೊಣೆಯನ್ನೂ ಒಟ್ಟಿಗೆ ಹೊತ್ತನು. 1907ರವರೆಗೆ ಬಾಸ್ಕೆಟ್‌ಬಾಲ್ ತಂಡವೂ ಆತನ ಕೈಯಲ್ಲೇ ಇತ್ತು. ಈ ಅವಧಿಯಲ್ಲಿ ತಂಡವು 55 ಪಂದ್ಯಗಳನ್ನು ಗೆದ್ದು 60 ಪಂದ್ಯಗಳನ್ನು ಸೋತಿತು. ಆಟದ ಜನಕನೇ ಗೆಲುವಿಗಿಂತ ಹೆಚ್ಚು ಸೋಲನ್ನು ಕಂಡನೆಂದರೆ ನಗು ಬರಬಹುದು. ಆದರೆ ಆತನಿಗೆ ಈ ಲೆಕ್ಕದ ಮೇಲೆ ಮೋಹವಿರಲಿಲ್ಲ. ಆಟವನ್ನು ಆಡಬೇಕು, ಅದನ್ನು ಹೇಳಿಕೊಟ್ಟು ಗೆಲ್ಲಿಸುವುದೊಂದು ವೃತ್ತಿಯಾಗದು ಎಂಬುದು ಆತನ ಅಭಿಪ್ರಾಯವಾಗಿತ್ತು. ಆತನ ಶಿಷ್ಯ ಫಾಗ್ ಆ್ಯಲನ್ ಈ ಮಾತನ್ನು ಒಪ್ಪದೆ, ಅದೇ ವಿಶ್ವವಿದ್ಯಾಲಯದ ತಂಡಕ್ಕೆ 590 ಗೆಲುವುಗಳನ್ನು ತಂದುಕೊಟ್ಟನು. ಆದರೂ ಗುರುಶಿಷ್ಯರ ಸ್ನೇಹ ಕೊನೆಯವರೆಗೂ ಉಳಿಯಿತು.

1936ರಲ್ಲಿ ಬರ್ಲಿನ್ ಒಲಿಂಪಿಕ್ಸಿನಲ್ಲಿ ಬಾಸ್ಕೆಟ್‌ಬಾಲಿಗೆ ಮೊದಲ ಬಾರಿ ಸ್ಥಾನ ದೊರೆಯಿತು. ತನ್ನ ಆಟದಿಂದ ಹಣ ಮಾಡಿಕೊಳ್ಳದ ವೃದ್ಧನನ್ನು ಅಲ್ಲಿಗೆ ಕಳುಹಿಸಲು ಅಮೆರಿಕದ ತರಬೇತುದಾರರ ಸಂಘವು ಚಂದಾ ಎತ್ತಬೇಕಾಯಿತು. ಅಂತಿಮ ಪಂದ್ಯ ಬಯಲಿನ ಮಣ್ಣಿನ ಅಂಗಳದಲ್ಲಿ, ಸುರಿಯುವ ಮಳೆಯಲ್ಲಿ ನಡೆಯಿತು. ಕೆಸರಿನಲ್ಲಿ ಚೆಂಡು ಪುಟಿಯಲಿಲ್ಲ. ಅಮೆರಿಕ 19, ಕೆನಡಾ 8. ಒಂದು ಆತನು ಬಾಳಿದ ನಾಡು, ಇನ್ನೊಂದು ಆತನು ಹುಟ್ಟಿದ ನಾಡು. ಗೆದ್ದವರಿಗೂ ಸೋತವರಿಗೂ ಪದಕಗಳನ್ನು ನೀಡಿದ ಕೈ ಆತನದೇ. ಮೂರು ವರ್ಷಗಳ ತರುವಾಯ, 1939ರ ನವೆಂಬರ್ 28ರಂದು, ನೈಸ್ಮಿತ್ ಕ್ಯಾನ್ಸಸಿನ ಲಾರೆನ್ಸ್ ನಗರದಲ್ಲಿ ತೀರಿಕೊಂಡನು.

ಆತನ ಜೀವಿತದ ಕೊನೆಯಲ್ಲೂ ಆ ಬಳಿಕವೂ ಆದ ಬದಲಾವಣೆಗಳು ಬಹುಮಟ್ಟಿಗೆ ಗಳಿಸುವವನಿಗೇ ಅನುಕೂಲ. ಪ್ರತಿಯೊಂದು ಗೋಲಿನ ನಂತರ ಚೆಂಡನ್ನು ನಡುವಂಗಳಕ್ಕೆ ತಂದು ಮೇಲಕ್ಕೆಸೆಯುವ ಪದ್ಧತಿಯನ್ನು 1937ರಲ್ಲಿ ಕೈಬಿಟ್ಟರು. ನೈಸ್ಮಿತ್‌ಗೆ ಇದು ಸಮ್ಮತವಿರಲಿಲ್ಲ. ಅಮೆರಿಕದ ವೃತ್ತಿಪರ ಸಂಘವು 1954ರಲ್ಲಿ 24 ಸೆಕೆಂಡುಗಳೊಳಗೆ ಚೆಂಡನ್ನು ಬುಟ್ಟಿಗೆಸೆಯಬೇಕೆಂದು ವಿಧಿಸಿತು. ಒಂದೇ ವರ್ಷದಲ್ಲಿ ತಂಡವೊಂದರ ಸರಾಸರಿ ಅಂಕ 79ರಿಂದ 93ಕ್ಕೇರಿತು. ಅದೇ ಸಂಘವು ವಲಯಗಳನ್ನು ಹಂಚಿಕೊಂಡು ಕಾಯುವ ರಕ್ಷಣಾಕ್ರಮವನ್ನು 1947ರಿಂದ 2001ರವರೆಗೆ ನಿಷೇಧಿಸಿತ್ತು. ಇದರಿಂದ ಗಳಿಕೆಯೇ ದೊಡ್ಡದೆಂದು ಸಿದ್ಧವಾಗುವುದೇ? ನನಗೆ ತೋರುವುದು ಬೇರೆ. ನಿಯಮದ ಊರುಗೋಲು ಬೇಕಾದುದು ಬಲಹೀನನಿಗೆ. ರಕ್ಷಣೆಯನ್ನು ಅದರ ಪಾಡಿಗೆ ಬಿಟ್ಟರೆ ಅದು ಗಳಿಕೆಯನ್ನು ನುಂಗಿಬಿಡುವುದೆಂಬ ಭಯದಿಂದಲೇ ಇಷ್ಟೆಲ್ಲ ನಿಯಮಗಳು ಹುಟ್ಟಿದುವು.

ಇನ್ನೊಂದು ನಿದರ್ಶನ. ನೈಸ್ಮಿತ್ ದುಡಿದ ಕ್ಯಾನ್ಸಸ್ ವಿಶ್ವವಿದ್ಯಾಲಯದಲ್ಲಿಯೇ ಆಡಿದ ವಿಲ್ಟ್ ಚೇಂಬರ್ಲೇನ್ 1962ರ ಮಾರ್ಚ್ 2ರಂದು ಒಂದೇ ಪಂದ್ಯದಲ್ಲಿ 100 ಅಂಕ ಗಳಿಸಿದನು. ಆ ವರ್ಷದ ಪ್ರಶಸ್ತಿ ಆತನ ತಂಡಕ್ಕೆ ಬರಲಿಲ್ಲ. ತಡೆಯುವುದರಲ್ಲಿ ಅದ್ವಿತೀಯನಾದ ಬಿಲ್ ರಸೆಲ್ಲನ ಬಾಸ್ಟನ್ ತಂಡಕ್ಕೆ ಹೋಯಿತು. ರಸೆಲ್ 13 ವರ್ಷಗಳಲ್ಲಿ 11 ಬಾರಿ ಪ್ರಶಸ್ತಿ ಕಂಡವನು. ಚೇಂಬರ್ಲೇನ್ ಮೊದಲ ಬಾರಿ ಪ್ರಶಸ್ತಿ ಪಡೆದುದು 1967ರಲ್ಲಿ, ತಾನು ಗಳಿಸುವುದನ್ನು ಅರ್ಧಕ್ಕೆ ಇಳಿಸಿ ಜೊತೆಗಾರರಿಗೆ ಚೆಂಡು ಕೊಡಲೂ ಎದುರಾಳಿಯನ್ನು ತಡೆಯಲೂ ಮನಸ್ಸು ಕೊಟ್ಟಾಗ.

ನನ್ನ ಊರು ಮರವಂತೆ. ಪಶ್ಚಿಮಕ್ಕೆ ಕಡಲು, ಪೂರ್ವಕ್ಕೆ ಸೌಪರ್ಣಿಕಾ ಹೊಳೆ, ನಡುವೆ ಹೆದ್ದಾರಿ. ಬಸ್ಸಿನಲ್ಲಿ ಹೋಗುವವರು ಒಂದು ಕಡೆ ಕಡಲನ್ನು ನೋಡಿ ಹೊಗಳುತ್ತಾರೆ, ಇನ್ನೊಂದು ಕಡೆ ಹೊಳೆಯನ್ನು ನೋಡಿ ಹೊಗಳುತ್ತಾರೆ. ಕಡಲಂಚಿಗೆ ಸುರಿದಿರುವ ಬಂಡೆಗಲ್ಲುಗಳನ್ನು ಹೊಗಳಿದವರನ್ನು ನಾನು ಕಾಣೆ. ಆಷಾಢದ ಅಬ್ಬರದಲ್ಲಿ ಕಡಲು ರಸ್ತೆಗೆ ನುಗ್ಗಲು ಬಂದಾಗ ಅದಕ್ಕೆ ಎದೆಯೊಡ್ಡುವುವು ಆ ಕಲ್ಲುಗಳೇ. ಅವಿರುವುದರಿಂದ ಬಸ್ಸು ನಡೆಯುತ್ತದೆ, ಹೊಗಳುವವರು ಹೊಗಳುತ್ತಾರೆ.

ಅಂಕ ಬೇಡವೆಂದು ನಾನು ವಾದಿಸುವುದಿಲ್ಲ. ಅಂಕವಿಲ್ಲದೆ ಗೆಲುವಿಲ್ಲ. ಆದರೆ ತಡೆಯುವವನಿಲ್ಲದ ಅಂಗಳದಲ್ಲಿ ಬುಟ್ಟಿಗೆ ಹಾಕಿದ ಚೆಂಡಿಗೆ ಬೆಲೆಯೇನು? ಗಳಿಕೆಗೆ ಬೆಲೆ ಬರುವುದು ರಕ್ಷಣೆಯಿಂದ. ಒಳ್ಳೆಯ ಎಸೆತಗಾರನ ಕೈ ಒಂದೊಂದು ದಿನ ಕೊಡುವುದಿಲ್ಲ. ಮನಸ್ಸಿಟ್ಟು ಕಾಯುವವನ ಕಾಲು ಎಂದೂ ಕೊಡದೆ ಇರದು. ಗಳಿಸಲು ಒಬ್ಬನು ಸಾಕಾದೀತು, ಕಾಯಲು ಐವರೂ ಬೇಕು. ಬುಟ್ಟಿಯನ್ನು ಮೇಲಕ್ಕೆತ್ತಿ ಗಳಿಸುವವನಿಗೆ ದಾರಿ ಮಾಡಿಕೊಟ್ಟ ನೈಸ್ಮಿತ್, ತಾನು ಮಾತ್ರ ಬಾಳೆಲ್ಲ ಕಾಯುವವನಾಗಿಯೇ ಉಳಿದನು. ಯುವಕರ ಆರೋಗ್ಯವನ್ನೂ ನಡತೆಯನ್ನೂ ಕಾದನು. ತನ್ನ ಹೆಸರಿನ ಮುಂದೆ ಅಂಕ ಏರಿತೋ ಇಳಿಯಿತೋ ನೋಡಲಿಲ್ಲ.

ಮುಂದಿನ ಪಂದ್ಯಕ್ಕೆ ಬರುವ ಮಿತ್ರರಲ್ಲಿ ನನ್ನದೊಂದು ವಿಜ್ಞಾಪನೆ. ಚೆಂಡು ಯಾರ ಕೈಯಲ್ಲಿದೆಯೆಂಬುದನ್ನು ಒಂದೈದು ನಿಮಿಷ ಮರೆತು, ಚೆಂಡಿಲ್ಲದವನ ಕಾಲುಗಳನ್ನು ನೋಡಿ. ಆ ಮೇಲೆ ಬೇಕಾದವರಿಗೆ ಚಪ್ಪಾಳೆ ತಟ್ಟಿ.