ಶಸ್ತ್ರವೈದ್ಯ ಲಿಸ್ಟರ್

1846ರಲ್ಲಿ ಈಥರಿನ ಬಳಕೆ ಜನಜನಿತವಾದ ಮೇಲೆ ಶಸ್ತ್ರಚಿಕಿತ್ಸೆಯ ನೋವು ಹೋಯಿತು. ಆದರೆ ಸಾವು ಹೋಗಲಿಲ್ಲ. ವೈದ್ಯನ ಕೈಚಳಕ ಎಷ್ಟೇ ಇರಲಿ, ಕೊಯ್ದ ಗಾಯ ಕೆಲವೇ ದಿನಗಳಲ್ಲಿ ಕೀವುಗಟ್ಟಿ, ಕೊಳೆತು, ರೋಗಿಯನ್ನು ಬಲಿ ತೆಗೆದುಕೊಳ್ಳುತ್ತಿತ್ತು. ಆಸ್ಪತ್ರೆಯ ಕೆಟ್ಟ ಗಾಳಿಯೇ ಇದಕ್ಕೆ ಕಾರಣವೆಂದು ಬಹುಮಂದಿ ವೈದ್ಯರು ನಂಬಿದ್ದರು. ಒಬ್ಬನ ಗಾಯವನ್ನು ಕೆದಕಿದ ಸಲಾಕೆಯನ್ನು ಬಟ್ಟೆಯಿಂದ ಒರೆಸಿ ಮತ್ತೊಬ್ಬನ ಗಾಯಕ್ಕೆ ಇಳಿಸುತ್ತಿದ್ದರು. ರಕ್ತ ಒಣಗಿ ಗಡುಸಾದ ಹಳೆಯ ನಿಲುವಂಗಿ ಶಸ್ತ್ರವೈದ್ಯನ ಅನುಭವಕ್ಕೆ ಸಾಕ್ಷಿಯೆನಿಸಿತ್ತು. ಜೀವ ಉಳಿಸಲೆಂದು ಹಿಡಿದ ಚೂರಿಯ ಅಲಗಿನ ಮೇಲೆಯೇ ಮೃತ್ಯು ಕುಳಿತಿದೆಯೆಂಬುದನ್ನು ಅವರು ಅರಿತಿರಲಿಲ್ಲ.

ಇದನ್ನು ಅರಿತು ತಡೆಯಲು ಮುಂದಾದ ಜೋಸೆಫ್ ಲಿಸ್ಟರ್ ಇಂಗ್ಲೆಂಡಿನ ಅಪ್ಟನ್ ಎಂಬಲ್ಲಿ 1827ರ ಏಪ್ರಿಲ್ 5ರಂದು ಜನಿಸಿದನು. ತಂದೆ ದ್ರಾಕ್ಷಾರಸದ ವ್ಯಾಪಾರಿ. ಬಿಡುವಿನಲ್ಲಿ ಸೂಕ್ಷ್ಮದರ್ಶಕದ ಮಸೂರಗಳನ್ನು ಸುಧಾರಿಸಿ ವಿದ್ವಾಂಸರ ಮನ್ನಣೆ ಪಡೆದವನು. ಕಣ್ಣಿಗೆ ಕಾಣದುದನ್ನು ಕಾಣುವ ಆಸೆ ಮಗನಿಗೆ ಮನೆಯಲ್ಲಿಯೇ ಹತ್ತಿತು. ಲಂಡನ್ನಿನಲ್ಲಿ ವೈದ್ಯ ಪದವಿ ಪಡೆದ ಲಿಸ್ಟರ್ ಎಡಿನ್‌ಬರೋದಲ್ಲಿ ಪ್ರಖ್ಯಾತ ಶಸ್ತ್ರವೈದ್ಯ ಸೈಮ್ ಬಳಿ ಕೆಲಸ ಕಲಿತನು. 1856ರಲ್ಲಿ ಅವನ ಮಗಳು ಆಗ್ನೆಸಳನ್ನು ವಿವಾಹವಾದನು. ಪತಿಯ ಅನೇಕ ಪ್ರಯೋಗಗಳ ವಿವರಗಳನ್ನು ಬರೆದಿಟ್ಟವಳು ಆಕೆಯೇ. 1860ರಲ್ಲಿ ಲಿಸ್ಟರ್ ಗ್ಲಾಸ್ಗೋದಲ್ಲಿ ಪ್ರಾಧ್ಯಾಪಕನಾದನು.

ಪದಾರ್ಥಗಳು ಹುಳಿಯುವುದಕ್ಕೂ ಕೊಳೆಯುವುದಕ್ಕೂ ಸೂಕ್ಷ್ಮಜೀವಿಗಳೇ ಕಾರಣವೆಂದು ಫ್ರಾನ್ಸಿನ ಲೂಯಿ ಪಾಶ್ಚರ್ ತೋರಿಸಿದ್ದನು. ರಸಾಯನಶಾಸ್ತ್ರದ ಪ್ರಾಧ್ಯಾಪಕ ಆಂಡರ್ಸನ್ ಈ ಸಂಗತಿಯನ್ನು ಲಿಸ್ಟರನ ಗಮನಕ್ಕೆ ತಂದನು. ಗಾಯ ಕೊಳೆಯುವುದೂ ಹೀಗೆಯೇ ಅಲ್ಲವೆ ಎಂದು ಅವನು ಆಲೋಚಿಸಿದನು. ಸಾರನ್ನು ಕುದಿಸಬಹುದು, ಮನುಷ್ಯನ ಮಾಂಸವನ್ನು ಕುದಿಸಲಾದೀತೆ? ಕಾರ್ಲೈಲ್ ಪಟ್ಟಣದಲ್ಲಿ ಚರಂಡಿಯ ದುರ್ನಾತವನ್ನು ಅಡಗಿಸಲು ಕಾರ್ಬಾಲಿಕ್ ಆಮ್ಲವನ್ನು ಬಳಸುತ್ತಿದ್ದ ಸುದ್ದಿ ಅವನ ಕಿವಿಗೆ ಬಿದ್ದಿತ್ತು. 1865ರ ಆಗಸ್ಟ್ 12ರಂದು, ಬಂಡಿಯ ಗಾಲಿ ಹರಿದು ಕಾಲಿನ ಮೂಳೆ ಮುರಿದಿದ್ದ ಹನ್ನೊಂದು ವರ್ಷದ ಬಾಲಕನನ್ನು ಆಸ್ಪತ್ರೆಗೆ ತಂದರು. ಚರ್ಮ ಸೀಳಿ ಮೂಳೆ ಮುರಿದರೆ ಕಾಲನ್ನೇ ಕತ್ತರಿಸುವುದು ಅಂದಿನ ವಾಡಿಕೆ. ಲಿಸ್ಟರ್ ಕಾರ್ಬಾಲಿಕ್ ಆಮ್ಲದಲ್ಲಿ ಅದ್ದಿದ ಬಟ್ಟೆಯನ್ನು ಗಾಯದ ಮೇಲಿಟ್ಟು ಕಟ್ಟಿದನು. ನಾಲ್ಕು ದಿನಗಳ ಬಳಿಕ ಬಿಚ್ಚಿ ನೋಡಿದರೆ ಕೀವಿನ ಸುಳಿವಿಲ್ಲ! ಆರು ವಾರಗಳಲ್ಲಿ ಮೂಳೆ ಕೂಡಿಕೊಂಡಿತು. 1864 ಮತ್ತು 1866ರಲ್ಲಿ ಅವನು ಅಂಗಚ್ಛೇದ ಮಾಡಿದ 35 ಮಂದಿಯಲ್ಲಿ 16 ಮಂದಿ ಸತ್ತಿದ್ದರು. 1867ರಿಂದ 1869ರವರೆಗೆ 40 ಮಂದಿಯಲ್ಲಿ ಸತ್ತವರು 6 ಮಂದಿ.

ಗಾಯವನ್ನು ತೊಳೆದರಷ್ಟೇ ಸಾಲದು, ಅದನ್ನು ಮುಟ್ಟುವ ಪ್ರತಿಯೊಂದು ವಸ್ತುವಿನ ಮೈಯೂ ಶುದ್ಧವಾಗಿರಬೇಕು ಎಂಬುದು ಅವನ ನಿಲುವು. ಚೂರಿ, ಇಕ್ಕಳ, ಸೂಜಿಗಳೆಲ್ಲ ಇಪ್ಪತ್ತರಲ್ಲೊಂದು ಪಾಲಿನ ಕಾರ್ಬಾಲಿಕ್ ದ್ರಾವಣದಲ್ಲಿ ಮುಳುಗಿದವು. ಅತ್ಯಂತ ತೊಡಕಿನದು ದಾರ. ರಕ್ತನಾಳವನ್ನು ಬಿಗಿದ ರೇಷ್ಮೆದಾರದ ತುದಿಯನ್ನು ಆಗ ಗಾಯದ ಹೊರಗೆ ಇಳಿಬಿಡುತ್ತಿದ್ದರು. ಅದರ ಗುಂಟ ಕೀವು ಹರಿದು, ಎಷ್ಟೋ ವೇಳೆ ನಾಳವೇ ಒಡೆದು ರಕ್ತ ಚಿಮ್ಮುತ್ತಿತ್ತು. 1868ರ ಕೊನೆಯಲ್ಲಿ ಲಿಸ್ಟರ್ ಪ್ರಾಣಿಯ ಕರುಳಿನಿಂದ ಹೊಸೆದ ದಾರವನ್ನು ಕಾರ್ಬಾಲಿಕ್ಕಿನಲ್ಲಿ ನೆನೆಸಿ ಕರುವೊಂದರ ಕತ್ತಿನ ನಾಳಕ್ಕೆ ಕಟ್ಟಿ, ತುದಿಗಳನ್ನು ಮೊಟಕಾಗಿ ಕತ್ತರಿಸಿ ಗಾಯ ಮುಚ್ಚಿದನು. ತಿಂಗಳ ನಂತರ ಪರೀಕ್ಷಿಸಿದಾಗ ಕೀವಿರಲಿಲ್ಲ. ದಾರವಿದ್ದ ಜಾಗದಲ್ಲಿ ಜೀವಂತ ಅಂಗಾಂಶವೇ ಬೆಳೆದಿತ್ತು.

1871ರಲ್ಲಿ ವಿಕ್ಟೋರಿಯಾ ರಾಣಿಯ ಕಂಕುಳಲ್ಲಿ ಕುರುವೆದ್ದಿತು. ಲಿಸ್ಟರ್ ಬಾಲ್ಮೊರಲ್ ಅರಮನೆಗೆ ಹೋಗಿ ಅದನ್ನು ಕೊಯ್ದನು. ಆದರೆ ಒಳಗೆ ತುರುಕಿದ ಬಟ್ಟೆಯ ದೆಸೆಯಿಂದ ಕೀವು ಹೊರಬರಲಿಲ್ಲ. ತನ್ನೊಂದಿಗಿದ್ದ ತುಂತುರು ಯಂತ್ರದ ರಬ್ಬರು ಕೊಳವೆಯ ತುಂಡೊಂದನ್ನು ಕತ್ತರಿಸಿ, ಇರುಳೆಲ್ಲ ಕಾರ್ಬಾಲಿಕ್ಕಿನಲ್ಲಿ ನೆನೆಯಿಟ್ಟು, ಮರುದಿನ ಗಾಯದಲ್ಲಿ ಇಳಿಸಿದನು. ಕೀವು ಬಸಿದು ಹೋಯಿತು. ರಾಣಿಯೇ ಆಗಲಿ, ನೆನೆಯಿಡದ ಕೊಳವೆಯನ್ನು ಅವಸರಕ್ಕೆ ಬಳಸುವವನು ಅವನಲ್ಲ.

1877ರಲ್ಲಿ ಲಂಡನ್ನಿಗೆ ಬಂದಾಗ ಅಲ್ಲಿನ ವೈದ್ಯರು ಅವನನ್ನು ಆದರಿಸಲಿಲ್ಲ. ಅದೇ ವರ್ಷ ಮುರಿದ ಮಂಡಿಚಿಪ್ಪೊಂದನ್ನು ಅವನು ತೆರೆದು, ಎರಡು ಹೋಳುಗಳನ್ನು ಬೆಳ್ಳಿಯ ತಂತಿಯಿಂದ ಬಿಗಿದನು. ಮುಚ್ಚಿರುವ ಕೀಲನ್ನು ಬೇಕೆಂದೇ ಕೊಯ್ದು ಲೋಹವನ್ನು ಇಡುವುದು ಸಾವನ್ನು ಕರೆದಂತೆ ಎಂದು ಹಲವರು ಗೊಣಗಿದರು. ಲೋಹಕ್ಕೆ ರಕ್ತನಾಳವಿಲ್ಲ, ಅದರ ಮೈಗಂಟಿದ ರೋಗಾಣುವನ್ನು ಒಳಗಿನಿಂದ ಎದುರಿಸುವವರಿಲ್ಲ. ಕೃತಕ ಕೀಲು, ಮೂತ್ರನಾಳದ ಕೊಳವೆ ಮುಂತಾದವುಗಳ ಮೇಲೆ ರೋಗಾಣುಗಳು ಲೋಳೆಯ ಪದರ ಹೊದ್ದು ನೆಲೆಸುವ ತೊಂದರೆ ಇಂದಿಗೂ ವೈದ್ಯರನ್ನು ಕಾಡುತ್ತಿದೆ. ಲಿಸ್ಟರನ ತಂತಿ ಶುದ್ಧವಾಗಿತ್ತು, ರೋಗಿ ಗುಣಹೊಂದಿದನು.

ಗಾಳಿಯ ರೋಗಾಣುಗಳನ್ನು ಕೊಲ್ಲಲು ಅವನು ವರ್ಷಗಟ್ಟಲೆ ಕಾರ್ಬಾಲಿಕ್ ತುಂತುರನ್ನು ಸಿಂಪಡಿಸಿದ್ದನು. ಅದು ವೈದ್ಯರ ಕೈಯನ್ನೂ ಶ್ವಾಸವನ್ನೂ ಕೆಡಿಸುತ್ತಿತ್ತು. ಗಾಳಿಗಿಂತ ಕೈ ಮತ್ತು ಉಪಕರಣಗಳೇ ಹೆಚ್ಚು ಅಪಾಯಕಾರಿಯೆಂದು ಮನವರಿಕೆಯಾದಾಗ, 1890ರಲ್ಲಿ ಬರ್ಲಿನ್ನಿನ ಸಮ್ಮೇಳನದಲ್ಲಿ ತುಂತುರನ್ನು ತ್ಯಜಿಸಿರುವುದಾಗಿ ಸಾರಿದನು. ಕೀರ್ತಿಯ ಶಿಖರದಲ್ಲಿದ್ದವನಿಗೆ ಇದು ಸುಲಭದ ಮಾತಾಗಿರಲಿಲ್ಲ. ಅಷ್ಟರಲ್ಲಿ ಜರ್ಮನಿಯಲ್ಲಿ ಉಪಕರಣಗಳನ್ನು ಹಬೆಯಿಂದ ಶುದ್ಧಿಮಾಡುವ ಕ್ರಮ ಬಂದಿತ್ತು. ಶಾಖ ತಾಳದ ಮರದ, ದಂತದ ಹಿಡಿಗಳು ಮರೆಯಾಗಿ ಪೂರ್ತಿ ಲೋಹದ ಚೂರಿಗಳು ಬಳಕೆಗೆ ಬಂದವು.

1893ರಲ್ಲಿ ಆಗ್ನೆಸ್ ತೀರಿಕೊಂಡಳು. 1897ರಲ್ಲಿ ಲಿಸ್ಟರನಿಗೆ ಪ್ರಭುಪದವಿ ದೊರೆಯಿತು. 1912ರ ಫೆಬ್ರವರಿ 10ರಂದು ವಾಲ್ಮರ್‌ನಲ್ಲಿ ಅವನು ನಿಧನನಾದನು. ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ಪ್ರಾರ್ಥನೆ ನಡೆಯಿತು. ಆದರೆ ಅವನ ಇಚ್ಛೆಯಂತೆ ಹ್ಯಾಂಪ್‌ಸ್ಟೆಡ್‌ನಲ್ಲಿ ಪತ್ನಿಯ ಸಮಾಧಿಯ ಪಕ್ಕದಲ್ಲಿ ಮಣ್ಣು ಮಾಡಿದರು.