ಪರದೇಶದಲ್ಲಿ ವಿದ್ಯಾರ್ಥಿ ಇಕ್ಬಾಲ್

ಅಲ್ಲಾಮಾ ಮುಹಮ್ಮದ್ ಇಕ್ಬಾಲರ ಹೆಸರು ಕೇಳದ ವಿದ್ಯಾರ್ಥಿ ನಮ್ಮಲ್ಲಿ ವಿರಳ. ಆದರೆ ಈ ಮಹಾಕವಿ ಒಮ್ಮೆ ಕಾವ್ಯರಚನೆಯನ್ನೇ ಬಿಟ್ಟುಬಿಡಲು ನಿರ್ಧರಿಸಿದ್ದರೆಂಬುದು ಹಲವರಿಗೆ ತಿಳಿದಿಲ್ಲ. ಆ ನಿರ್ಧಾರ ಹುಟ್ಟಿದ್ದೂ ಬದಲಾದದ್ದೂ ಪರದೇಶದಲ್ಲಿ.

1877ರ ನವೆಂಬರ್ 9ರಂದು ಸಿಯಾಲ್‌ಕೋಟಿನಲ್ಲಿ ಇಕ್ಬಾಲ್ ಜನಿಸಿದರು. ತಂದೆ ಶೇಖ್ ನೂರ್ ಮುಹಮ್ಮದ್ ಹೊಲಿಗೆ ಕೆಲಸದಿಂದ ಸಂಸಾರ ಸಾಕಿದವರು. ಶಾಲೆ ಕಲಿತವರಲ್ಲದಿದ್ದರೂ ಧರ್ಮನಿಷ್ಠರು. 1899ರಲ್ಲಿ ಲಾಹೋರಿನ ಸರಕಾರಿ ಕಾಲೇಜಿನಿಂದ ಇಕ್ಬಾಲ್ ತತ್ವಶಾಸ್ತ್ರದಲ್ಲಿ ಎಂ.ಎ. ಪಡೆದರು. ಅಲ್ಲಿ ಅವರಿಗೆ ದೊರೆತ ಗುರು ಪ್ರೊ. ಥಾಮಸ್ ಅರ್ನಾಲ್ಡ್. ಹಿಂದೆ ಅಲೀಗಢದಲ್ಲೂ ಪಾಠ ಮಾಡಿದ್ದ ಅರ್ನಾಲ್ಡ್ 1904ರಲ್ಲಿ ಇಂಗ್ಲೆಂಡಿಗೆ ಮರಳಿದರು. ಮರುವರ್ಷ ಸೆಪ್ಟೆಂಬರಿನಲ್ಲಿ ಶಿಷ್ಯನೂ ಹಿಂದೆಯೇ ಹೊರಟರು. ಖರ್ಚಿನ ಭಾರ ಹೊತ್ತವರು ಅಣ್ಣ ಅತಾ ಮುಹಮ್ಮದ್. ಇಕ್ಬಾಲ್ ಲಾಹೋರಿನಿಂದ ದೆಹಲಿಗೆ ಬಂದು, ಹಜ್ರತ್ ನಿಜಾಮುದ್ದೀನ್ ಔಲಿಯಾರ ದರ್ಗಾದಲ್ಲಿ ದುಆ ಮಾಡಿ, ಮುಂಬಯಿಯಲ್ಲಿ ಹಡಗು ಹತ್ತಿದರು.

ಅವರ ವ್ಯಾಸಂಗ ಎರಡು ಊರುಗಳಲ್ಲಿ ಹಂಚಿಹೋಗಿತ್ತು. ತತ್ವಶಾಸ್ತ್ರ ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜಿನಲ್ಲಿ, ಕಾನೂನು ಲಂಡನ್ನಿನ ಲಿಂಕನ್ಸ್ ಇನ್‌ನಲ್ಲಿ. ಇವೆರಡರ ನಡುವೆ ಸುಮಾರು 90 ಕಿಲೋಮೀಟರ್ ರೈಲು ಹಾದಿ. ಬ್ಯಾರಿಸ್ಟರ್ ಆಗಬಯಸುವವರು ಪ್ರತಿ ಅವಧಿಯಲ್ಲೂ ಇಂತಿಷ್ಟು ಬಾರಿ ಸಂಸ್ಥೆಯ ಭೋಜನಶಾಲೆಯಲ್ಲಿ ಇತರರೊಂದಿಗೆ ಕುಳಿತು ಊಟ ಮಾಡಲೇಬೇಕೆಂಬ ನಿಯಮವಿತ್ತು. ಪರೀಕ್ಷೆಯಲ್ಲಿ ಗೆದ್ದರಷ್ಟೇ ಸಾಲದು, ಜನರೊಡನೆ ಬೆರೆಯಲೂ ಕಲಿಯಬೇಕೆಂಬುದು ಅದರ ಉದ್ದೇಶ. ಹೀಗಾಗಿ ರೈಲು ಪ್ರಯಾಣ ಇಕ್ಬಾಲರ ವಿದ್ಯಾರ್ಥಿ ಜೀವನದ ಭಾಗವೇ ಆಯಿತು.

ಭಾನುವಾರ ಇಂಗ್ಲೆಂಡಿನ ಅಂಗಡಿಗಳೆಲ್ಲ ಮುಚ್ಚಿರುತ್ತಿದ್ದ ಕಾಲವದು. ಮನೆಯಿಂದ ದೂರವಿರುವವನಿಗೆ ರಜೆಯ ದಿನವೇ ಹೆಚ್ಚು ಭಾರ. ಆದರೆ ಇಕ್ಬಾಲರಿಗೆ ಒಳ್ಳೆಯ ಸಹವಾಸ ದೊರೆಯಿತು. ಕೇಂಬ್ರಿಜ್‌ನಲ್ಲಿ ಮರಾಠಿ ಅಧ್ಯಾಪಕರಾಗಿದ್ದ ಸೈಯದ್ ಅಲಿ ಬಿಲ್‌ಗ್ರಾಮಿಯವರ ಮನೆ ಭಾರತೀಯ ವಿದ್ಯಾರ್ಥಿಗಳ ತವರಿನಂತಿತ್ತು. 1907ರ ಏಪ್ರಿಲ್‌ನಲ್ಲಿ ಮುಂಬಯಿಯ ವಿದುಷಿ ಅತಿಯಾ ಫೈಜಿಯವರನ್ನು ಇಕ್ಬಾಲ್ ಮತ್ತು ಶೇಖ್ ಅಬ್ದುಲ್ ಖಾದಿರ್ ಈ ಮನೆಗೆ ಕರೆತಂದರು. ಅದೇ ವರ್ಷ ಜೂನ್ 1, ಶನಿವಾರ. ಪ್ರೊ. ಅರ್ನಾಲ್ಡ್ ಕೇಂಬ್ರಿಜ್‌ನ ನದಿದಂಡೆಯಲ್ಲಿ ವನಭೋಜನ ಏರ್ಪಡಿಸಿದರು. ಮರದ ನೆರಳಿನಲ್ಲಿ ಕುಳಿತವರ ಮಾತು ಬದುಕು, ಸಾವುಗಳ ಕಡೆ ಹೊರಳಿತು. ಎಲ್ಲರೂ ವಾದಿಸುತ್ತಿರಲು ಇಕ್ಬಾಲ್ ಮೌನವಾಗಿದ್ದರು. ಕೊನೆಗೆ ಗುರುಗಳೇ ಕೇಳಿದಾಗ ಚುಟುಕಾಗಿ ಉತ್ತರಿಸಿದರು. ಚರ್ಚೆ ಅಲ್ಲಿಗೆ ಮುಗಿಯಿತು.

ಈ ದಿನಗಳಲ್ಲೇ ಇಕ್ಬಾಲರ ಮನಸ್ಸಿನಲ್ಲಿ ಒಂದು ತಳಮಳವಿತ್ತು. ಯುರೋಪಿನ ಜನರ ದುಡಿಮೆಯನ್ನು ಕಂಡ ಅವರಿಗೆ, ಕವಿತೆಗೆ ವ್ಯಯಿಸುವ ಸಮಯವನ್ನು ಉಪಯುಕ್ತ ಕೆಲಸಕ್ಕೆ ಬಳಸುವುದೇ ಲೇಸೆನಿಸಿತು. ಇನ್ನು ಕಾವ್ಯ ಬರೆಯುವುದಿಲ್ಲವೆಂಬ ನಿರ್ಧಾರವನ್ನು ಅಬ್ದುಲ್ ಖಾದಿರರಿಗೆ ತಿಳಿಸಿದರು. ಇವರು ಲಾಹೋರಿನ ‘ಮಖ್ಜನ್’ ಪತ್ರಿಕೆಯ ಸಂಪಾದಕರು, ಆಗ ಲಂಡನ್ನಿನಲ್ಲಿ ಕಾನೂನು ಓದುತ್ತಿದ್ದರು. ಇಂಥ ಕಾವ್ಯ ಸಮುದಾಯದ ರೋಗಕ್ಕೆ ಮದ್ದಾಗಬಲ್ಲದು, ಅದನ್ನು ಬಿಡುವುದು ಸರಿಯಲ್ಲ ಎಂದು ಅವರು ವಾದಿಸಿದರು. ಒಮ್ಮತ ಮೂಡಲಿಲ್ಲ. ಕೊನೆಗೆ ಇಬ್ಬರೂ ತೀರ್ಪನ್ನು ಅರ್ನಾಲ್ಡರಿಗೆ ಬಿಟ್ಟರು. ಗುರುಗಳು ಖಾದಿರರ ಮಾತನ್ನೇ ಎತ್ತಿಹಿಡಿದರು. ಇಕ್ಬಾಲ್ ತಲೆಬಾಗಿದರು.

ಇನ್ನೊಂದು ಸಂಜೆ ಗೆಳೆಯರೊಬ್ಬರ ಮನೆಯ ಔತಣದಲ್ಲಿ, ಪಾರ್ಸಿ ಭಾಷೆಯಲ್ಲೂ ಕವಿತೆ ಬರೆಯುತ್ತೀರಾ ಎಂದು ಯಾರೋ ಕೇಳಿದರು. ಹೆಚ್ಚೇನೂ ಬರೆದಿಲ್ಲವೆಂದು ಇಕ್ಬಾಲ್ ಒಪ್ಪಿಕೊಳ್ಳಬೇಕಾಯಿತು. ಆದರೆ ಆ ಪ್ರಶ್ನೆ ಮನಸ್ಸಿನಲ್ಲಿ ಉಳಿಯಿತು. ಮರುದಿನ ಬೆಳಗಾಗುವಷ್ಟರಲ್ಲಿ ಎರಡು ಪಾರ್ಸಿ ಗಜಲುಗಳು ಸಿದ್ಧವಾಗಿದ್ದವು! 1924ರಲ್ಲಿ ‘ಬಾಂಗೆ ದರಾ’ ಸಂಕಲನಕ್ಕೆ ಬರೆದ ಮುನ್ನುಡಿಯಲ್ಲಿ ಅಬ್ದುಲ್ ಖಾದಿರರು ಈ ಎರಡೂ ಸಂಗತಿಗಳನ್ನು ದಾಖಲಿಸಿದ್ದಾರೆ.

1907ರ ಬೇಸಿಗೆಯಲ್ಲಿ ಇಕ್ಬಾಲ್ ಜರ್ಮನಿಯ ಹೈಡೆಲ್‌ಬರ್ಗಿಗೆ ತೆರಳಿ ಅಲ್ಲಿನ ಭಾಷೆ ಕಲಿತರು. ನವೆಂಬರಿನಲ್ಲಿ ಮ್ಯೂನಿಕ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದರು. 1908ರ ಜುಲೈನಲ್ಲಿ ಬ್ಯಾರಿಸ್ಟರ್ ಆಗಿ ತಾಯ್ನಾಡಿಗೆ ಮರಳಿದರು. 1915ರಲ್ಲಿ ‘ಅಸ್ರಾರೆ ಖುದಿ’ ಪಾರ್ಸಿಯಲ್ಲೇ ಹೊರಬಂತು. 1929ರ ಜನವರಿಯಲ್ಲಿ ಮದರಾಸಿನ ಉಪನ್ಯಾಸಗಳನ್ನು ಮುಗಿಸಿ ಬೆಂಗಳೂರು, ಮೈಸೂರುಗಳಿಗೆ ಬಂದ ಅವರು ಶ್ರೀರಂಗಪಟ್ಟಣದಲ್ಲಿ ಟಿಪ್ಪು ಸುಲ್ತಾನರ ಸಮಾಧಿಗೆ ಭೇಟಿಯಿತ್ತರು. 1932ರ ‘ಜಾವೇದ್ ನಾಮಾ’ ಕಾವ್ಯದಲ್ಲಿ ಟಿಪ್ಪು ಒಂದು ಪಾತ್ರವಾದರು. ಅದರ ಭಾಷೆಯೂ ಪಾರ್ಸಿಯೇ. 1938ರ ಏಪ್ರಿಲ್ 21ರಂದು ಅಲ್ಲಾಮಾ ಲಾಹೋರಿನಲ್ಲಿ ನಿಧನರಾದರು.

ಇಂದು ನಮ್ಮ ಅನೇಕ ಮಕ್ಕಳು ವ್ಯಾಸಂಗಕ್ಕೆಂದು ದೂರದ ಊರುಗಳಿಗೆ, ವಿದೇಶಗಳಿಗೆ ಹೋಗುತ್ತಾರೆ. ಅವರ ಅಂಕಗಳ ಬಗ್ಗೆ ನಾವು ವಿಚಾರಿಸುತ್ತೇವೆ. ರಜೆಯ ದಿನವನ್ನು ಯಾರೊಡನೆ ಕಳೆಯುತ್ತಾರೆಂದು ವಿಚಾರಿಸುವುದು ಕಡಿಮೆ. ಇಕ್ಬಾಲ್ ತಮ್ಮ ನಿರ್ಧಾರವನ್ನು ಒಬ್ಬರೇ ಕೋಣೆಯಲ್ಲಿ ಕುಳಿತು ಜಾರಿಗೆ ತಂದಿದ್ದರೆ ನಮಗೆ ಆ ಕಾವ್ಯ ದಕ್ಕುತ್ತಿರಲಿಲ್ಲ. ಗೆಳೆಯನ ಮುಂದೆ ಅದನ್ನು ಹೇಳಿಕೊಂಡರು, ಗುರುವಿನ ಸಲಹೆಗೆ ಮಣಿದರು. ವಿದ್ಯಾರ್ಥಿಗಳೇ, ಇಂತಹ ಗೆಳೆಯರನ್ನು ಹುಡುಕಿಕೊಳ್ಳಿ. ಇನ್ನೊಬ್ಬರಿಗೆ ಇಂತಹ ಗೆಳೆಯರಾಗಿರಿ. ಅಲ್ಲಾಹನು ನಮಗೆಲ್ಲರಿಗೂ ಸಜ್ಜನರ ಸಹವಾಸ ಕರುಣಿಸಲಿ, ಆಮೀನ್.